ಬೆಳ್ಳಿಬಣ್ಣದ ಕೊಳವೆ ತಣ್ಣಗಿದೆಯೆ?

1961ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಜಿನೀವಾ ನಗರದ ಮೋಟಾರು ಪ್ರದರ್ಶನದಲ್ಲಿ ಇಂಗ್ಲೆಂಡಿನ ಜಾಗ್ವಾರ್ ಕಾರ್ಖಾನೆಯವರು ‘ಇ-ಟೈಪ್’ ಎಂಬ ಹೊಸ ಸ್ಪೋರ್ಟ್ಸ್ ಕಾರನ್ನು ಲೋಕದ ಮುಂದಿಟ್ಟರು. ನೀಳವಾದ ಮೂತಿ, ಆರು ಸಿಲಿಂಡರುಗಳ 3.8 ಲೀಟರ್ ಎಂಜಿನ್, ಗಂಟೆಗೆ 150 ಮೈಲಿಗಳ ವೇಗವೆಂಬ ಹೆಗ್ಗಳಿಕೆ, ಇವುಗಳಿಂದ ಆ ಕಾರು ಅಂದೇ ಹೆಸರುವಾಸಿಯಾಯಿತು. ಅದರ ತಯಾರಿಕೆ ನಿಂತು ಸುಮಾರು ಅರ್ಧ ಶತಮಾನ ಕಳೆದಿದ್ದರೂ ಅದನ್ನು ಮನೆಯ ಮಗುವಿನಂತೆ ಸಾಕುತ್ತಿರುವ ಅಭಿಮಾನಿಗಳು ಇಂಗ್ಲೆಂಡು ಅಮೆರಿಕಗಳಲ್ಲಿ ಇಂದಿಗೂ ಬಹುಮಂದಿ ಇದ್ದಾರೆ.

ಆ ಕಾರಿನ ಮೂತಿಯನ್ನು ಮೇಲೆತ್ತಿದರೆ ಎಂಜಿನ್ನಿನ ಒಂದು ಮಗ್ಗುಲಲ್ಲಿ ಮೂರು ಕಾರ್ಬುರೇಟರುಗಳೂ, ಇನ್ನೊಂದು ಮಗ್ಗುಲಲ್ಲಿ ಉರಿದ ಅನಿಲವನ್ನು ಹೊರಕ್ಕೆ ಸಾಗಿಸುವ ನಿಷ್ಕಾಸ ಕೊಳವೆಗಳೂ ಕಾಣುತ್ತವೆ. ಕಾರ್ಖಾನೆಯಿಂದ ಬಂದಾಗ ಇವು ಎರಕದ ಕಬ್ಬಿಣದವು. ಮೇಲೆ ಕಪ್ಪಾದ ಹೊಳೆಯುವ ಗಾಜಿನ ಎನಾಮೆಲ್ ಲೇಪ. ವೇಗವನ್ನು ಬಯಸುವ ಕೆಲವರು ಇವುಗಳನ್ನು ಕಳಚಿ, ಉಕ್ಕಿನ ನಳಿಗೆಗಳನ್ನು ಬಗ್ಗಿಸಿ ಬೆಸೆದ ‘ಹೆಡರ್’ ಎಂಬ ಕೊಳವೆಗಳ ಗೊಂಚಲನ್ನು ಜೋಡಿಸಿಕೊಳ್ಳುತ್ತಾರೆ. ಆ ಕೂಡಲೇ ಏಳುವ ಪ್ರಶ್ನೆ ಇದು: ಈ ಬರಿಯ ಉಕ್ಕಿನ ಮೇಲೆ ಏನನ್ನು ಬಳಿಯಬೇಕು? ಕಪ್ಪು ಬಣ್ಣವನ್ನೇ, ಬೆಳ್ಳಿಯಂತೆ ಹೊಳೆಯುವ ಸೆರಾಮಿಕ್ ಲೇಪವನ್ನೇ, ಅಥವಾ ಏನನ್ನೂ ಬಳಿಯದೆ ನಾರಿನ ಪಟ್ಟಿಯನ್ನು ಸುತ್ತಬೇಕೆ?

ದೂರದೇಶದ ಯಾವುದೋ ಹಳೆಯ ಕಾರಿನ ಕೊಳವೆಗೂ ನಮ್ಮ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವುಂಟು. ಪಠ್ಯಪುಸ್ತಕದ ಉಷ್ಣವಿಭಾಗದಲ್ಲಿರುವ ವ್ಯಾಕೋಚನ, ವಹನ, ಸಂವಹನ, ವಿಕಿರಣ ಈ ನಾಲ್ಕೂ ಒಟ್ಟಾಗಿ ನೆಲಸಿರುವ ಮೊಳದುದ್ದದ ಸ್ಥಳ ಅದು. ಅಷ್ಟೇ ಅಲ್ಲ. ಆ ಕೊಳವೆಯ ಬಗ್ಗೆ ಜನ ನಂಬಿರುವ ಒಂದು ತಪ್ಪು ಕಲ್ಪನೆಗೆ ಗ್ಯಾರೇಜಿನವರಿಗಿಂತ ಹೆಚ್ಚಾಗಿ ನಾವು, ಎಂದರೆ ಉಪಾಧ್ಯಾಯರು, ಹೊಣೆಗಾರರೆಂದು ನನ್ನ ಅಭಿಪ್ರಾಯ. ಅದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಲೇಪಕ್ಕೆ ಮೂರು ಗುಣಗಳನ್ನು ಆರೋಪಿಸುವುದುಂಟು. ಒಂದನೆಯದು, ಅದು ತುಕ್ಕನ್ನು ತಡೆಯುತ್ತದೆ. ಎರಡನೆಯದು, ಅದು ಶಾಖವನ್ನು ಕೊಳವೆಯೊಳಗೇ ಹಿಡಿದಿಟ್ಟು ಎಂಜಿನ್ನಿನ ಕೋಣೆಯನ್ನು ತಂಪಾಗಿಡುತ್ತದೆ. ಮೂರನೆಯದು, ಅನಿಲವು ಬಿಸಿಯಾಗಿಯೇ ಉಳಿದು ಬೇಗ ಹೊರಹರಿಯುವುದರಿಂದ ಎಂಜಿನ್ನಿನ ಬಲ ಹೆಚ್ಚುತ್ತದೆ. ಮೂರನೆಯದನ್ನು ಎಂಜಿನ್ನಿನ ಬಲವನ್ನು ಅಳೆಯುವ ಯಂತ್ರಕ್ಕೆ ಬಿಡೋಣ. ಲೇಪಕ್ಕೆ ಮುಂಚೆ ಒಮ್ಮೆ, ಲೇಪದ ಬಳಿಕ ಒಮ್ಮೆ ಅಳೆಯದೆ ಅದರ ವಿಚಾರ ಮಾತನಾಡುವುದು ವ್ಯರ್ಥ. ಮೊದಲನೆಯದು ಪೂರ್ಣ ಸತ್ಯ. ಎರಡನೆಯದು ಅರ್ಧ ಸತ್ಯ. ಅರ್ಧ ಸತ್ಯವಾದ್ದರಿಂದಲೇ ಹೆಚ್ಚು ಅಪಾಯಕರ.

ಮೊದಲು ತುಕ್ಕಿನ ವಿಚಾರ. ಎಂಜಿನ್ ಪೂರ್ಣಭಾರದಿಂದ ದುಡಿಯುವಾಗ ಸಿಲಿಂಡರಿನಿಂದ ಹೊರಬೀಳುವ ಅನಿಲದ ಉಷ್ಣತೆ 800 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬಹುದು. ಕೊಳವೆಯ ಗೋಡೆ ಅಷ್ಟು ಕಾಯದಿದ್ದರೂ 500 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ನಮ್ಮ ಕಿಟಕಿಯ ಸರಳುಗಳಿಗೆ ಬಳಿಯುವ ಸಾಮಾನ್ಯ ಬಣ್ಣದ ಜೀವಾಳವೆಂದರೆ ಇಂಗಾಲದ ಉದ್ದನೆಯ ಸರಪಣಿಗಳು. ಅವು 200-250 ಡಿಗ್ರಿಯ ಹೊತ್ತಿಗೆ ಸುಟ್ಟು ಕರಕಾಗುತ್ತವೆ. ಹಿತ್ತಾಳೆಯ ಪಾತ್ರೆಗೆ ನಾವು ಹಾಕಿಸುವ ಕಲಾಯಿಯ ಉಪಾಯವೂ ಇಲ್ಲಿ ನಡೆಯದು. ತವರವು 232 ಡಿಗ್ರಿಯಲ್ಲಿ ಕರಗಿ ನೀರಾಗುತ್ತದೆ. ಸತುವು ಕೂಡ ಸುಮಾರು 420 ಡಿಗ್ರಿಯನ್ನು ದಾಟಿ ಬಾಳಲಾರದು.

ಬರಿಯ ಉಕ್ಕನ್ನು ಹಾಗೆಯೇ ಬಿಟ್ಟರೆ? ಕಾದ ಕಬ್ಬಿಣವು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೇಲೆ ಕಪ್ಪಾದ ಹೊಪ್ಪಳಿಕೆಯನ್ನು ಬೆಳೆಸಿಕೊಳ್ಳುತ್ತದೆ. ಸುಮಾರು 570 ಡಿಗ್ರಿಯ ಕೆಳಗೆ ಈ ಹೊಪ್ಪಳಿಕೆ ನಿಧಾನವಾಗಿ ಬೆಳೆಯುವ, ಒತ್ತಾದ ಪದರ. ಆ ಮಿತಿಯನ್ನು ದಾಟಿದರೆ ವುಸ್ಟೈಟ್ ಎಂಬ ಬೇರೊಂದು ಆಕ್ಸೈಡ್ ಹುಟ್ಟಿ, ಪದರವು ಬಹು ಶೀಘ್ರವಾಗಿ ದಪ್ಪವಾಗಿ ಸಿಪ್ಪೆಯಂತೆ ಉದುರತೊಡಗುತ್ತದೆ. ಈ 570 ಎಂಬ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಬರುತ್ತದೆ.

ಜೊತೆಗೆ ವ್ಯಾಕೋಚನದ ತೊಂದರೆ. 60 ಸೆಂಟಿಮೀಟರ್ ಉದ್ದದ ಉಕ್ಕಿನ ಕೊಳವೆ 500 ಡಿಗ್ರಿಯಷ್ಟು ಹೆಚ್ಚು ಕಾದರೆ ಮೂರೂವರೆ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅದರ ಮೇಲಿನ ಲೇಪವೂ ಅಷ್ಟೇ ಹಿಗ್ಗಬೇಕು, ತಣಿದಾಗ ಅಷ್ಟೇ ಕುಗ್ಗಬೇಕು. ಕಾರನ್ನು ಹೊರಗೆ ತೆಗೆದ ಪ್ರತಿದಿನವೂ ಈ ವ್ಯಾಯಾಮ ತಪ್ಪಿದ್ದಲ್ಲ. ಹಿಗ್ಗುವಿಕೆಯಲ್ಲಿ ಲೋಹಕ್ಕೂ ಲೇಪಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಎಂಥ ಬೆಲೆಬಾಳುವ ಲೇಪವಾದರೂ ಬಿರಿದು ಕಳಚಿಕೊಳ್ಳುವುದು ನಿಶ್ಚಯ.

ಎನಾಮೆಲ್ ತಯಾರಿಸುವವರು ಈ ಸಮಸ್ಯೆಯನ್ನು ಬಹು ಜಾಣತನದಿಂದ ಬಿಡಿಸಿದ್ದಾರೆ. ನಮ್ಮ ಅಜ್ಜಿಯರ ಕಾಲದ ಬಿಳಿಯ ತಟ್ಟೆ ಲೋಟಗಳನ್ನು, ಅವುಗಳ ನೀಲಿಯ ಅಂಚನ್ನು ನೀವು ಕಂಡಿರಬಹುದು. ಅದು ಬಣ್ಣವಲ್ಲ, ಗಾಜು. ನುಣ್ಣಗೆ ಅರೆದ ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಲೇಪಿಸಿ, ಸುಮಾರು 800 ಡಿಗ್ರಿಯ ಕುಲುಮೆಯಲ್ಲಿ ಕರಗಿಸಿ ಅಂಟಿಸಿದ್ದು. ಈ ಗಾಜು ಕಬ್ಬಿಣಕ್ಕಿಂತ ತುಸು ಕಡಿಮೆ ಹಿಗ್ಗುವಂತೆ ಅದರ ಪಾಕವನ್ನು ಆರಿಸಿರುತ್ತಾರೆ. ಆದ್ದರಿಂದ ತಣಿಯುವಾಗ ಕಬ್ಬಿಣ ಹೆಚ್ಚು ಕುಗ್ಗಿ, ಗಾಜನ್ನು ಎಲ್ಲ ಕಡೆಯಿಂದಲೂ ಅಮುಕಿ ಹಿಡಿಯುತ್ತದೆ. ಎಳೆದರೆ ಸುಲಭವಾಗಿ ಒಡೆಯುವ ಗಾಜು ಅಮುಕಿದರೆ ಗಟ್ಟಿ. ಜಾಗ್ವಾರಿನ ಎರಕದ ಕಬ್ಬಿಣಕ್ಕೆ ಹೊದಿಸಿದ್ದೂ ಇಂಥ ಗಾಜನ್ನೇ. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು ಮೃದು ಉಕ್ಕನ್ನು ಹೆಚ್ಚಿನ ಉಷ್ಣತೆಯಲ್ಲಿ ಕಾಪಾಡಲು ಸೆರಾಮಿಕ್ ಲೇಪಗಳನ್ನು ರೂಪಿಸಿದರು. ಅವರ ಗುರಿ ತಂಪು ಮಾಡುವುದಾಗಿರಲಿಲ್ಲ, ಆಮ್ಲಜನಕವನ್ನು ದೂರವಿಡುವುದಾಗಿತ್ತು ಎಂಬುದು ಗಮನಾರ್ಹ.

ಕುಲುಮೆಯಿಲ್ಲದವರಿಗೆ ಸಿಲಿಕೋನ್ ಬಣ್ಣಗಳಿವೆ. ಇಂಗಾಲದ ಪರಮಾಣುಗಳ ನಡುವಣ ಬಂಧಕ್ಕಿಂತ ಸಿಲಿಕಾನ್ ಮತ್ತು ಆಮ್ಲಜನಕಗಳ ನಡುವಣ ಬಂಧ ಹೆಚ್ಚು ಬಲವುಳ್ಳದ್ದು. ಕಾದಾಗ ಬಣ್ಣದ ಇಂಗಾಲದ ಭಾಗ ಉರಿದುಹೋದರೂ ಮರಳಿನ ಬಂಧುವಾದ ಸಿಲಿಕದ ಜಾಲ ಉಳಿದು, ಅಲ್ಯೂಮಿನಿಯಮ್ಮಿನ ಚಕ್ಕೆಗಳನ್ನು ಹಿಡಿದುಕೊಂಡಿರುತ್ತದೆ. ಆದರೆ ಇದನ್ನು ಹಂತಹಂತವಾಗಿ ಕಾಯಿಸಿ ತಣಿಸಿ ಪಕ್ವಗೊಳಿಸಬೇಕು. ಬಳಿದ ದಿನವೇ ರಸ್ತೆಗಿಳಿಯುವ ಅವಸರಗಾರನ ಕೊಳವೆ ಗುಳ್ಳೆಯೆದ್ದು ಹಾಳಾಗುತ್ತದೆ. ಬಳಿಯುವ ಮುನ್ನ ಲೋಹದ ಮೇಲಿನ ತುಕ್ಕನ್ನೂ ಜಿಡ್ಡನ್ನೂ ಪೂರ್ತಿ ತೆಗೆಯಬೇಕು. ಆದರೆ ಅದಕ್ಕೆ ಸಾಮಾನ್ಯ ಮರಳನ್ನು ಚಿಮ್ಮಿಸುವುದು ಸಲ್ಲದು. ಆ ಧೂಳು ಶ್ವಾಸಕೋಶವನ್ನು ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗ ಬರುತ್ತದೆ. ಹಳೆಯ ಕಾರಿನ ಕೊಳವೆಗೆ ಸುತ್ತಿದ ನಾರು ಆಸ್ಬೆಸ್ಟಾಸ್ ಆಗಿರುವ ಸಂಭವವೂ ಉಂಟು. ಅದನ್ನು ಬರಿಗೈಯಿಂದ ಕೀಳುವುದು ಅವಿವೇಕ.

ಇನ್ನು ಎರಡನೆಯ ಮಾತಿಗೆ ಬರೋಣ. ‘ಇದು ಉಷ್ಣವನ್ನು ತಡೆಯುವ ಲೇಪ, ಜೆಟ್ ವಿಮಾನದ ಟರ್ಬೈನಿಗೆ ಬಳಸುವಂಥದ್ದು’ ಎಂಬ ಹೊಗಳಿಕೆಯೊಡನೆ ಸೆರಾಮಿಕ್ ಲೇಪವನ್ನು ಮಾರುವುದುಂಟು. ಪದವಿಪೂರ್ವ ತರಗತಿಯ ವಿದ್ಯಾರ್ಥಿ ಕೂಡ ಪರೀಕ್ಷಿಸಬಲ್ಲ ಮಾತಿದು. ಲೇಪದ ದಪ್ಪ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಎನ್ನೋಣ. ಅದರ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್ನಿಗೆ ಒಂದು ವಾಟ್ ಇರಲಿ. ಸೆರಾಮಿಕ್ಕಿಗೆ ಇದು ಉದಾರವಾದ ಸಂಖ್ಯೆಯೇ. ಕೊಳವೆಯ ಪ್ರತಿ ಚದರ ಮೀಟರಿನ ಮೂಲಕ 28,000 ವಾಟ್ ಶಾಖ ಹೊರಬರುತ್ತಿದ್ದರೆ ಲೇಪದ ಒಳಮೈಗೂ ಹೊರಮೈಗೂ ಇರುವ ಉಷ್ಣತೆಯ ವ್ಯತ್ಯಾಸವೆಷ್ಟು? ಗುಣಿಸಿ ನೋಡಿರಿ: ಸುಮಾರು 1.4 ಡಿಗ್ರಿ. ಇಷ್ಟೇ ಆ ‘ತಡೆ’.

ಹಾಗಾದರೆ ಟರ್ಬೈನಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ? ಅಲ್ಲಿ ಪ್ರತಿ ಚದರ ಮೀಟರಿಗೆ ಹರಿಯುವ ಶಾಖ ಹತ್ತು ಲಕ್ಷ ವಾಟ್‌ಗಳ ಪ್ರಮಾಣದ್ದು. ಲೇಪವೂ ಮಿಲಿಮೀಟರಿನ ಕಾಲುಭಾಗದಷ್ಟು ದಪ್ಪ. ಅದಕ್ಕಿಂತ ಮುಖ್ಯವಾಗಿ, ಅಲಗಿನ ಒಡಲೊಳಗೆ ತಂಪುಗಾಳಿಯನ್ನು ಹಾಯಿಸುತ್ತಾರೆ. ಅದೇ ಗುಣಾಕಾರ ಅಲ್ಲಿ ನೂರಾರು ಡಿಗ್ರಿಗಳ ಉತ್ತರವನ್ನು ಕೊಡುತ್ತದೆ. ವಸ್ತುವಿನ ಜಾತಿ ಒಂದೇ ಆದರೂ ಸಂದರ್ಭ ಬೇರೆಯಾದಾಗ ಫಲವೂ ಬೇರೆಯಾಗುತ್ತದೆ.

ಇಲ್ಲಿ ಗ್ಯಾರೇಜಿನ ಅನುಭವಸ್ಥರು ಎದ್ದು ನಿಂತು ಆಕ್ಷೇಪಿಸಬಹುದು: ‘ನಿಮ್ಮ ಲೆಕ್ಕ ಹಾಗಿರಲಿ. ಬೆಳ್ಳಿಬಣ್ಣದ ಲೇಪ ಹಾಕಿದ ಮೇಲೆ ನಾವೇ ಅವಕೆಂಪು ಉಷ್ಣಮಾಪಕವನ್ನು ಹಿಡಿದು ಅಳೆದಿದ್ದೇವೆ. ನೂರಕ್ಕೂ ಹೆಚ್ಚು ಡಿಗ್ರಿ ಇಳಿದಿದೆ!’ ಆಕ್ಷೇಪ ನ್ಯಾಯವಾದದ್ದು. ಕಣ್ಣಾರೆ ಕಂಡದ್ದನ್ನು ಅಲ್ಲವೆನ್ನುವುದು ಹೇಗೆ? ಇದಕ್ಕೆ ಉತ್ತರ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ, ಸುಟ್ಟ ಬೆರಳಿನಿಂದ.

2020ರ ಸಾಂಕ್ರಾಮಿಕದ ದಿನಗಳಲ್ಲಿ ಬಾಗಿಲು ಬಾಗಿಲಲ್ಲೂ ಹಣೆಗೆ ಗುರಿಯಿಟ್ಟ ಆ ಪುಟ್ಟ ಉಪಕರಣವನ್ನು ಎಲ್ಲರೂ ಬಲ್ಲಿರಿ. ಅದರ ಅಣ್ಣನಂಥ, ಹೆಚ್ಚಿನ ಉಷ್ಣತೆಗಳನ್ನೂ ಅಳೆಯುವ ಒಂದು ಉಪಕರಣವನ್ನು ಮುಂದೊಂದು ದಿನ ತರಗತಿಯಲ್ಲಿ ತೋರಿಸಲು ನಾನು ಒಯ್ದಿದ್ದೆ. ಮೇಜಿನ ಮೇಲೆ ಫಳಫಳನೆ ಹೊಳೆಯುವ ಸ್ಟೀಲಿನ ಪಾತ್ರೆ. ಅದರ ತುಂಬ ಆಗತಾನೆ ಕುದಿದ ನೀರು. ಪಾತ್ರೆಯ ಮಗ್ಗುಲಿಗೆ ಗುರಿಯಿಟ್ಟಾಗ ಉಪಕರಣ ತೋರಿಸಿದ್ದು ನಲವತ್ತರ ಆಸುಪಾಸು. ನೀರು ತಣಿದುಹೋಯಿತೆಂದು ಬಗೆದು, ಅದನ್ನು ಬದಲಾಯಿಸಲು ಪಾತ್ರೆಯನ್ನು ಎರಡು ಕೈಗಳಿಂದಲೂ ಹಿಡಿದೆತ್ತಿದೆ. ಮುಂದಿನದನ್ನು ವಿವರಿಸಬೇಕಾಗಿಲ್ಲ. ಎರಡು ಬೆರಳುಗಳಲ್ಲಿ ಬೊಕ್ಕೆ ಎದ್ದವು. ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ಸಾರ್, ಹಾಗಾದರೆ ಉಪಕರಣ ಕೆಟ್ಟಿದೆಯೆ?’ ಎಂದು ಕೇಳಿದಳು. ಉಪಕರಣ ಕೆಟ್ಟಿರಲಿಲ್ಲ; ಅದು ಏನನ್ನು ಅಳೆಯುತ್ತದೆಂಬುದನ್ನು ನಾನು ಆ ಕ್ಷಣ ಮರೆತಿದ್ದೆ.

ಅವಕೆಂಪು ಉಷ್ಣಮಾಪಕ ಉಷ್ಣತೆಯನ್ನು ನೇರವಾಗಿ ಅಳೆಯುವುದಿಲ್ಲ. ವಸ್ತುವಿನಿಂದ ಹೊರಡುವ ಕಣ್ಣಿಗೆ ಕಾಣದ ವಿಕಿರಣವನ್ನು ಅಳೆದು, ಅದರಿಂದ ಉಷ್ಣತೆಯನ್ನು ಊಹಿಸುತ್ತದೆ. ಒಂದೇ ಉಷ್ಣತೆಯಲ್ಲಿರುವ ಎಲ್ಲ ಮೈಗಳೂ ಒಂದೇ ಸಮನೆ ವಿಕಿರಣವನ್ನು ಸೂಸುವುದಿಲ್ಲ. ಆದರ್ಶ ಕಪ್ಪುಕಾಯದೊಡನೆ ಹೋಲಿಸಿ ಮೈಯೊಂದರ ಸೂಸುವ ಶಕ್ತಿಯನ್ನು ಹೇಳುವ ಸಂಖ್ಯೆಗೆ ಉತ್ಸರ್ಜಕತೆ ಎಂದು ಹೆಸರು. ನಮ್ಮ ಚರ್ಮಕ್ಕೂ ಬಣ್ಣ ಬಳಿದ ಗೋಡೆಗೂ ಅದು 0.9ಕ್ಕೂ ಹೆಚ್ಚು, ಹೊಳೆಯುವ ಸ್ಟೀಲಿಗೆ 0.1 ಅಥವಾ 0.2. ಸಾಮಾನ್ಯ ಉಪಕರಣ ಎಲ್ಲ ಮೈಗಳಿಗೂ 0.95 ಎಂದು ಭಾವಿಸಿ ಲೆಕ್ಕ ಹಾಕುತ್ತದೆ. ಹೊಳೆಯುವ ಮೈಯಿಂದ ಬರುವ ಅಲ್ಪ ವಿಕಿರಣವನ್ನು ಕಂಡು ‘ಇದು ತಣ್ಣಗಿದೆ’ ಎಂದು ತೀರ್ಪು ಕೊಡುತ್ತದೆ.

ಈಗ ಕೊಳವೆಗೆ ಮರಳೋಣ. ನಿಜವಾಗಿ 427 ಡಿಗ್ರಿ ಕಾದಿರುವ, 0.3 ಉತ್ಸರ್ಜಕತೆಯ ಬೆಳ್ಳಿಬಣ್ಣದ ಕೊಳವೆಯನ್ನು ಇಂಥ ಉಪಕರಣ 260 ಡಿಗ್ರಿಯೆಂದೋ ಅದಕ್ಕೂ ಕಡಿಮೆಯೆಂದೋ ಓದುತ್ತದೆ. ಕೊಳವೆ ತಂಪಾಗಿಲ್ಲ, ಮೌನವಾಗಿದೆ, ಅಷ್ಟೇ. ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. ಪೆಟ್ರೋಲಿನ ಆವಿ ಕಿಡಿಯ ಸೋಂಕಿಲ್ಲದೆ ತಾನೇ ಹೊತ್ತಿಕೊಳ್ಳುವ ಉಷ್ಣತೆ ಪ್ರಯೋಗಶಾಲೆಯ ಅಳತೆಯಲ್ಲಿ 300 ಡಿಗ್ರಿಗಿಂತ ಕೆಳಗಿದೆ. ಉಪಕರಣದ ಮಾತನ್ನು ನಂಬಿ, ‘ಈಗ ಇಲ್ಲಿ ತಂಪಾಗಿದೆ’ ಎಂದು ಪೆಟ್ರೋಲಿನ ರಬ್ಬರು ನಳಿಗೆಯನ್ನು ಕೊಳವೆಯ ಹತ್ತಿರಕ್ಕೆ ಎಳೆದ ಮನುಷ್ಯ ತನ್ನ ಕಾರನ್ನೂ ಪ್ರಾಣವನ್ನೂ ಒಂದು ತಪ್ಪು ಸಂಖ್ಯೆಯ ಮೇಲೆ ಪಣವಿಟ್ಟಂತೆ. ಪರಿಹಾರ ಸುಲಭ. ಕೊಳವೆಯ ಮೇಲೆ ಕಾಸಗಲದಷ್ಟು ಹೊಳಪಿಲ್ಲದ, ಶಾಖ ತಾಳುವ ಬಣ್ಣವನ್ನು ಬಳಿದು ಆ ಚುಕ್ಕೆಗೆ ಗುರಿಯಿಡಬೇಕು; ಇಲ್ಲವೆ ಮೈಗೆ ತಾಗಿಸಿದ ಉಷ್ಣಯುಗ್ಮದಿಂದ ಅಳೆಯಬೇಕು.

ಹಾಗೆಂದು ಬೆಳ್ಳಿಬಣ್ಣದ ಲೇಪದಿಂದ ಏನೂ ಪ್ರಯೋಜನವಿಲ್ಲವೆಂದು ನಾನು ಹೇಳುತ್ತಿಲ್ಲ. ಅದು ಕಡಿಮೆ ಸೂಸುವುದರಿಂದ ಎಂಜಿನ್ನಿನ ಕೋಣೆಗೆ ನಿಜವಾಗಿಯೂ ಕಡಿಮೆ ಶಾಖ ಸೇರುತ್ತದೆ. ಆದರೆ ಎಷ್ಟು ಕಡಿಮೆ? ಉತ್ಸರ್ಜಕತೆ 0.9ರಿಂದ 0.3ಕ್ಕೆ ಇಳಿದರೆ ಶಾಖವೂ ಮೂರನೆಯ ಒಂದು ಭಾಗಕ್ಕೆ ಇಳಿಯುವುದೆಂದು ಮೊದಲ ನೋಟಕ್ಕೆ ತೋರುತ್ತದೆ. ಒಳಗಿನ ಅನಿಲ 800 ಡಿಗ್ರಿ, ಹೊರಗಿನ ಗಾಳಿ 57 ಡಿಗ್ರಿ, ಒಳಮೈಯ ಸಂವಹನ ಗುಣಾಂಕ 100, ಹೊರಮೈಯದು 20 ಎಂದು ಇಟ್ಟುಕೊಂಡು, ಸ್ಟೀಫನ್ ಮತ್ತು ಬೋಲ್ಟ್ಸ್‌ಮನ್ನರ ನಿಯಮದೊಡನೆ ಲೆಕ್ಕ ಮಾಡಿದೆ. ಕಪ್ಪು ಕೊಳವೆಯ ಗೋಡೆ ಸುಮಾರು 513 ಡಿಗ್ರಿಯಲ್ಲಿ ನೆಲೆಗೊಳ್ಳುತ್ತದೆ. ಬೆಳ್ಳಿಬಣ್ಣದ್ದು ಸುಮಾರು 596 ಡಿಗ್ರಿಗೆ ಏರುತ್ತದೆ! ಹೊರಬರುವ ಒಟ್ಟು ಶಾಖ ಕಡಿಮೆಯಾದದ್ದು ನೂರಕ್ಕೆ ಮೂವತ್ತರಷ್ಟು ಮಾತ್ರ.

ಕಾರಣ ಸ್ಪಷ್ಟ. ಹೊರಹೋಗುವ ದಾರಿಯನ್ನು ಕಿರಿದು ಮಾಡಿದರೆ ಲೋಹವೇ ಹೆಚ್ಚು ಕಾಯಬೇಕು. ಹೆಚ್ಚು ಕಾದ ಲೋಹ ಹೆಚ್ಚು ಸೂಸುತ್ತದೆ. ‘ತಂಪು ಮಾಡುವ’ ಲೇಪ ಕೊಳವೆಯನ್ನೇ ಎಂಬತ್ತು ಡಿಗ್ರಿ ಹೆಚ್ಚು ಕಾಯಿಸಿತು. ಮೊದಲು ನೆನಪಿನಲ್ಲಿಡಲು ಹೇಳಿದ 570 ಡಿಗ್ರಿಯ ಗೆರೆಯನ್ನೂ ದಾಟಿಸಿತು. ಹೊರಮೈಯನ್ನು ಲೇಪ ಕಾಪಾಡಬಹುದು; ಆದರೆ ಒಳಮೈ ಬರಿದಾಗಿದ್ದರೆ ಅಲ್ಲಿ ಹೊಪ್ಪಳಿಕೆ ವೇಗವಾಗಿ ಬೆಳೆಯುತ್ತದೆ. ಆದ್ದರಿಂದ ಬಳಿಯುವುದಾದರೆ ಒಳಗೂ ಹೊರಗೂ ಬಳಿಯಬೇಕು. ನಾರಿನ ಪಟ್ಟಿಯನ್ನು ಸುತ್ತಿದವರ ಕೊಳವೆಗಳು ಬೇಗ ಬಿರುಕುಬಿಡುವುದಕ್ಕೂ ಇದೇ ಮೂಲ. ಜೊತೆಗೆ ನಾರು ತೇವವನ್ನೂ ಹಿಡಿದಿಟ್ಟು ತುಕ್ಕಿಗೆ ನೆರವಾಗುತ್ತದೆ. ಕೋಣೆ ತಂಪಾಗಿರಬೇಕೆಂಬುದೇ ಉದ್ದೇಶವಾದರೆ, ಕೊಳವೆಗೂ ಸುತ್ತಲಿನ ಭಾಗಗಳಿಗೂ ನಡುವೆ ಗಾಳಿಯ ಸಂದು ಬಿಟ್ಟು ಹೊಳೆಯುವ ಲೋಹದ ಒಂದು ತಗಡನ್ನು ಅಡ್ಡ ನಿಲ್ಲಿಸುವುದು ಉತ್ತಮೋಪಾಯ. ಅದು ಲೋಹವನ್ನು ಅಷ್ಟಾಗಿ ಕಾಯಿಸದೆ ವಿಕಿರಣವನ್ನು ತಡೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ‘ಕಪ್ಪು ಶಾಖವನ್ನು ಸೂಸುತ್ತದೆ, ಬಿಳುಪು ಸೂಸುವುದಿಲ್ಲ’ ಎಂದು ತರಗತಿಗಳಲ್ಲಿ ಹೇಳಿಕೊಡುತ್ತಲೇ ಬಂದಿದ್ದೇವೆ, ನಾನೂ ಹೇಳಿದ್ದೇನೆ. ಬಿಸಿಲನ್ನು ಹೀರುವ ವಿಚಾರದಲ್ಲಿ ಅದು ಸರಿ, ಏಕೆಂದರೆ ಬಿಸಿಲಿನ ಬಹುಭಾಗ ಕಣ್ಣಿಗೆ ಕಾಣುವ ಬೆಳಕು ಮತ್ತು ಅದರ ನೆರೆಹೊರೆ. ಆದರೆ 500 ಡಿಗ್ರಿಯ ಕೊಳವೆ ಸೂಸುವುದು ಬಹುಮಟ್ಟಿಗೆ ದೀರ್ಘವಾದ ಅವಕೆಂಪು ಅಲೆಗಳನ್ನು. ಆ ಅಲೆಗಳ ಲೋಕದಲ್ಲಿ ಬಿಳಿಯ ಬಣ್ಣವೂ ಹೆಚ್ಚು ಕಡಿಮೆ ಕಪ್ಪೇ. ಅಲ್ಲಿ ನಿಜವಾದ ಭೇದವಿರುವುದು ಕಪ್ಪು ಬಿಳುಪುಗಳ ನಡುವೆ ಅಲ್ಲ. ಹೊಳೆಯುವ ಲೋಹಕ್ಕೂ ಲೋಹವಲ್ಲದ್ದಕ್ಕೂ ನಡುವೆ.

ಇದು ಹೊಸ ಸಂಗತಿಯೂ ಅಲ್ಲ. 1804ರಲ್ಲಿಯೇ ಸ್ಕಾಟ್ಲೆಂಡಿನ ಜಾನ್ ಲೆಸ್ಲಿ, ಬಿಸಿನೀರು ತುಂಬಿದ ಲೋಹದ ಘನಾಕೃತಿಯ ಡಬ್ಬಿಯ ಒಂದೊಂದು ಮುಖಕ್ಕೆ ಒಂದೊಂದು ಹೊದಿಕೆ ಹಾಕಿ ಅಳೆದು, ಫಲಿತಾಂಶವನ್ನು ಪ್ರಕಟಿಸಿದ್ದನು. ದೀಪದ ಮಸಿಗೆ 100 ಎಂದು ಇಟ್ಟರೆ, ಬರೆಯುವ ಬಿಳಿಯ ಕಾಗದಕ್ಕೆ ಅವನಿಗೆ ದೊರೆತದ್ದು 98. ಹೊಳೆಯುವ ತವರದ ತಗಡಿಗೆ 12. ಲೆಸ್ಲಿಯ ಘನವನ್ನು ಪಠ್ಯದಲ್ಲಿ ಇಂದಿಗೂ ವರ್ಣಿಸುತ್ತೇವೆ. ಆದರೆ ಆ ಬಿಳಿಯ ಕಾಗದದ ಸಂಖ್ಯೆಯನ್ನು ಬಿಟ್ಟುಬಿಡುತ್ತೇವೆ. ನಿಯಮವನ್ನು ಸುಲಭ ಮಾಡುವ ಆತುರದಲ್ಲಿ ಪ್ರಯೋಗದ ಅತ್ಯಂತ ಬೆಲೆಬಾಳುವ ಭಾಗವನ್ನೇ ಹೊರಗೆ ಚೆಲ್ಲಿದ ಹಾಗಾಯಿತು.

ಇದನ್ನು ನೀವೇ ಪರೀಕ್ಷಿಸಬಹುದು. ಎರಡು ಸ್ಟೀಲಿನ ಲೋಟಗಳನ್ನು ತೆಗೆದುಕೊಂಡು, ಒಂದರ ಹೊರಮೈಗೆ ಬಿಳಿಯ ಕಾಗದವನ್ನು ಮೈಗಂಟುವಂತೆ ಅಂಟಿಸಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡಕ್ಕೂ ಸಮನಾಗಿ ಬಿಸಿನೀರು ಸುರಿದು, ಬಾಯಿ ಮುಚ್ಚಿ, ಗಾಳಿಯಾಡದ ಕಡೆ ಇರಿಸಿ ಗಳಿಗೆಗೊಮ್ಮೆ ಸಾಧಾರಣ ಉಷ್ಣಮಾಪಕವನ್ನು ನೀರಿನಲ್ಲಿಟ್ಟು ಓದಿಕೊಳ್ಳಿ. ಬಿಳಿಯ ‘ಅಂಗಿ’ ತೊಟ್ಟ ಲೋಟವೇ ಮೊದಲು ತಣಿಯುವುದನ್ನು ಕಂಡಾಗ ನಿಮಗೆ ಆಶ್ಚರ್ಯವಾದರೆ, ಆ ಆಶ್ಚರ್ಯದಿಂದಲೇ ಕಲಿಕೆ ಆರಂಭವಾಯಿತೆಂದು ತಿಳಿಯಿರಿ.

ಹಳೆಯ ಜಾಗ್ವಾರಿನ ಒಡೆಯನಿಗೆ ಏನು ಹೇಳೋಣ? ಕಾರ್ಖಾನೆಯವರು ಕೊಟ್ಟ ಎರಕದ ಕಬ್ಬಿಣದ ಕೊಳವೆ ಇನ್ನೂ ಇದ್ದರೆ ಅದಕ್ಕೆ ಗಾಜಿನ ಎನಾಮೆಲನ್ನೇ ಮತ್ತೆ ಹಾಕಿಸುವುದು ಸೂಕ್ತ. ಅದು ಚರಿತ್ರೆಗೂ ಒಪ್ಪುತ್ತದೆ, ರಸಾಯನಕ್ಕೂ ಒಪ್ಪುತ್ತದೆ. ಉಕ್ಕಿನ ಹೆಡರನ್ನೇ ಇಟ್ಟುಕೊಳ್ಳುವುದಾದರೆ ಒಳಗೂ ಹೊರಗೂ ಲೇಪವಿರಲಿ, ನಡುವೆ ತಗಡಿನ ಮರೆಯಿರಲಿ, ಪೆಟ್ರೋಲಿನ ನಳಿಗೆ ದೂರವೇ ಇರಲಿ. ಲೇಪವನ್ನು ತುಕ್ಕಿಗಾಗಿ ಕೊಳ್ಳಬೇಕೇ ಹೊರತು ತಂಪಿಗಾಗಿ ಅಲ್ಲ.

ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಬೇರೆ. ಸೌದೆಯ ಒಲೆಯ ಮೇಲೆ ಪಾತ್ರೆಯಿಡುವ ಮುನ್ನ ಅದರ ತಳಕ್ಕೆ ಬೂದಿ ಕಲಸಿ ಬಳಿಯುತ್ತಿದ್ದ ಗೃಹಿಣಿಯನ್ನು, ‘ಇದೇಕೆ?’ ಎಂದು ಕೇಳಿದರೆ, ‘ಮಸಿ ಸುಲಭವಾಗಿ ತೊಳೆದುಹೋಗಲಿ ಎಂದು’ ಎನ್ನುತ್ತಿದ್ದಳು. ಅನ್ನ ಬೇಗ ಬೇಯುತ್ತದೆಂದು ಅವಳು ಹೇಳಿಕೊಳ್ಳುತ್ತಿರಲಿಲ್ಲ. ತನ್ನ ಲೇಪ ಯಾವ ಕೆಲಸಕ್ಕೆಂಬುದು ಅವಳಿಗೆ ಖಚಿತವಾಗಿ ತಿಳಿದಿತ್ತು. ಹೊಳೆಯುವ ಲೇಪವನ್ನೋ ಹೊಳೆಯುವ ಮಾತನ್ನೋ ಯಾರಾದರೂ ನಿಮ್ಮ ಮುಂದಿಟ್ಟಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಇದು ಯಾವ ಕೆಲಸಕ್ಕೆ? ಆ ಕೆಲಸ ನಡೆಯಿತೆಂದು ಅಳೆದ ಉಪಕರಣ ನಿಜವಾಗಿ ಅಳೆದದ್ದು ಏನನ್ನು? ಎರಡನೆಯದನ್ನು ಕೇಳಲು ಮರೆತು ನಾನು ಬೆರಳು ಸುಟ್ಟುಕೊಂಡೆ. ಆ ಪಾತ್ರೆ ಈಗಲೂ ನಮ್ಮ ಪ್ರಯೋಗಶಾಲೆಯಲ್ಲಿದೆ. ಅದರ ಹೊಳೆಯುವ ಮೈಮೇಲೆ ಒಂದು ಕಡೆ, ಗುರಿಯಿಡುವುದಕ್ಕಾಗಿ, ಹೊಳಪಿಲ್ಲದ ಬಿಳಿಯ ಬಣ್ಣದ ಒಂದು ಚುಕ್ಕೆಯನ್ನು ಬಳಿದಿಟ್ಟಿದ್ದೇನೆ.